ಒಂದು ಹನಿ, ಇಪ್ಪತ್ತು ಸುತ್ತು

ಸೈಲೆನ್ಸರ್ ಸೇರಿಸಿ ತೂಗಿದರೂ ಅರ್ಧ ಕಿಲೋ ದಾಟದ ಎಂಜಿನ್ ಅದು. ಸಿಲಿಂಡರಿನ ವ್ಯಾಸ 22 ಮಿ.ಮೀ. ಅದರೊಳಗೆ ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ 19.6 ಮಿ.ಮೀ. ಲೆಕ್ಕ ಹಾಕಿದರೆ ಒಳಗಿನ ಜಾಗ 7.45 ಸಿಸಿ; ಒಂದೂವರೆ ಟೀ ಚಮಚ ನೀರು ಹಿಡಿಸುವಷ್ಟು. ಜಪಾನಿನ ಓ.ಎಸ್. ಕಂಪನಿ ತಯಾರಿಸಿದ ‘46 ಎಎಕ್ಸ್’ ಎಂಬ ಈ ಎಂಜಿನ್ ಮಾದರಿ ವಿಮಾನ ಹಾರಿಸುವವರಿಗೆ ಚಿರಪರಿಚಿತ. ಹೆಸರಿನಲ್ಲಿರುವ 46 ಅಂದರೆ 0.46 ಘನ ಅಂಗುಲ. 11 ಅಂಗುಲದ ಪ್ರೊಪೆಲ್ಲರ್ ಕಟ್ಟಿ ಪೂರ್ತಿ ಥ್ರಾಟಲ್ ಕೊಟ್ಟರೆ ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ.

12,000 ಎಂದಾಗ ಏನೂ ಅನ್ನಿಸದು. ಅದನ್ನೇ ಸೆಕೆಂಡಿಗೆ ಇಳಿಸಿ ನೋಡಿ: 200 ಸುತ್ತು. ಒಂದು ಸುತ್ತಿಗೆ ಸಿಗುವ ಸಮಯ ಸೆಕೆಂಡಿನ ಇನ್ನೂರರಲ್ಲೊಂದು ಪಾಲು. ಇದು ಟೂ ಸ್ಟ್ರೋಕ್ ಎಂಜಿನ್, ಹಾಗಾಗಿ ಪ್ರತಿ ಸುತ್ತಿಗೂ ಒಂದು ಸ್ಫೋಟ. ಅಷ್ಟು ಹೊತ್ತಿನಲ್ಲೇ ಹೊಸ ಗಾಳಿ ಒಳಗೆ ಬರಬೇಕು, ಇಂಧನ ಅದರೊಡನೆ ಬೆರೆಯಬೇಕು, ಒತ್ತಬೇಕು, ಉರಿಯಬೇಕು, ಹೊಗೆ ಆಚೆ ಹೋಗಬೇಕು. ಪಿಸ್ಟನ್ ಸೆಕೆಂಡಿಗೆ 400 ಸಲ ನಿಂತು ದಿಕ್ಕು ಬದಲಿಸುತ್ತದೆ. ಹೀಗೆ ನಿಂತು ತಿರುಗುವಾಗ ಅದರ ಮೇಲೆ ಬೀಳುವ ವೇಗೋತ್ಕರ್ಷ ಗುರುತ್ವದ 1,500 ಪಟ್ಟು ಮೀರುತ್ತದೆ. ಒಂದು ಗ್ರಾಂ ಲೋಹ ಆ ಕ್ಷಣದಲ್ಲಿ ಒಂದೂವರೆ ಕಿಲೋ ಭಾರದಂತೆ ಎಳೆಯುತ್ತದೆ.

ಈಗ ಇಂಧನದ ಲೆಕ್ಕ. ಪೂರ್ತಿ ಥ್ರಾಟಲ್‌ನಲ್ಲಿ ಈ ಗಾತ್ರದ ಎಂಜಿನ್ ನಿಮಿಷಕ್ಕೆ ಸುಮಾರು 30 ಮಿ.ಲೀ. ಕುಡಿಯುತ್ತದೆ. ಸೆಕೆಂಡಿಗೆ ಅರ್ಧ ಮಿ.ಲೀ. ಅದನ್ನು 200 ಸುತ್ತಿಗೆ ಹಂಚಿದರೆ ಒಂದು ಸುತ್ತಿನ ಪಾಲು 2.5 ಮೈಕ್ರೊಲೀಟರ್, ಅಂದರೆ ಲೀಟರಿನ ನಾಲ್ಕು ಲಕ್ಷದಲ್ಲೊಂದು ಭಾಗ. ಕಣ್ಣಿಗೆ ಔಷಧಿ ಬಿಡುವ ಡ್ರಾಪರಿನ ಒಂದು ಹನಿ 50 ಮೈಕ್ರೊಲೀಟರ್ ಇರುತ್ತದೆ ಎಂದುಕೊಂಡರೆ, ಆ ಒಂದು ಹನಿ ಇಪ್ಪತ್ತು ಸುತ್ತಿಗೆ ಸಾಕು. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಆ ಹನಿ ಇಪ್ಪತ್ತು ಸಮಪಾಲಾಗಿ ಇಪ್ಪತ್ತು ಸಲ ಉರಿದು ಮುಗಿದಿರುತ್ತದೆ.

ಈ ಹಂಚಿಕೆಯನ್ನು ಮಾಡುವುದು ಕಂಪ್ಯೂಟರ್ ಅಲ್ಲ, ಸೆನ್ಸರ್ ಅಲ್ಲ. ಕಾರ್ಬ್ಯುರೇಟರಿನಲ್ಲಿ ಕೂತಿರುವ ಒಂದು ಮೊನಚು ಸೂಜಿ. ಹಾರಿಸುವವರ ಬಾಯಲ್ಲಿ ಅದು ‘ನೀಡಲ್’. ಸೂಜಿಯನ್ನು ತಿರುಗಿಸುವ ಗುಬುಟಿಗೆ ಹಲ್ಲುಗಳಿದ್ದು, ಪ್ರತಿ ಹಲ್ಲಿಗೂ ಒಂದೊಂದು ಕ್ಲಿಕ್ ಕೇಳಿಸುತ್ತದೆ. ಒಳಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಮಿಶ್ರಣ ‘ಲೀನ್’. ಹೊರಕ್ಕೆ ತಿರುಗಿಸಿದರೆ ಇಂಧನ ಜಾಸ್ತಿ, ಮಿಶ್ರಣ ‘ರಿಚ್’. ಸೂಜಿಯ ತುದಿಗೂ ರಂಧ್ರದ ಅಂಚಿಗೂ ನಡುವೆ ಉಳಿಯುವ ಸಂದು ಕೂದಲೆಳೆಯ ದಪ್ಪದ ಆಸುಪಾಸಿನದು. ಎಂಜಿನ್ನಿನ ಆರೋಗ್ಯವೆಲ್ಲ ಆ ಸಂದಿನಲ್ಲಿದೆ.

ಸೂಜಿಗೆ ನಾಲ್ಕು ಕೆಲಸ

ಬೈಕು, ಕಾರುಗಳ ಎಂಜಿನ್ನಿನಲ್ಲಿ ಇಂಧನ ಅಳೆಯುವುದಕ್ಕೆ ಒಂದು ವ್ಯವಸ್ಥೆ, ಕಿಡಿ ಹೊತ್ತಿಸುವ ಹೊತ್ತಿಗೆ ಇನ್ನೊಂದು, ತಂಪು ಮಾಡಲು ಮತ್ತೊಂದು, ಎಣ್ಣೆ ಸವರಲು ಮಗದೊಂದು. ಮಾದರಿ ವಿಮಾನದ ಗ್ಲೋ ಎಂಜಿನ್ನಿನಲ್ಲಿ ಈ ನಾಲ್ಕೂ ಕೆಲಸ ಒಂದೇ ಸೂಜಿಯ ಮೇಲೆ ಬೀಳುತ್ತವೆ. ಇದನ್ನು ಅರಿತವರಿಗೆ ಟ್ಯೂನಿಂಗ್ ಅರ್ಧ ಬಂದಂತೆಯೇ.

ಅಳತೆಯ ಕೆಲಸವನ್ನು ಆಗಲೇ ನೋಡಿದೆವು; ಉಳಿದ ಮೂರರಲ್ಲಿ ಮೊದಲು ಕಿಡಿಯ ವಿಷಯ. ಈ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಗಣಿ ಕಾರ್ಮಿಕರ ಸುರಕ್ಷಿತ ದೀಪಕ್ಕಾಗಿ ಪ್ರಯೋಗ ನಡೆಸುತ್ತಿದ್ದ ಹಂಫ್ರಿ ಡೇವಿ, ಬಿಸಿ ಪ್ಲಾಟಿನಂ ತಂತಿ ಉರಿಯುವ ಅನಿಲದಲ್ಲಿ ಜ್ವಾಲೆಯಿಲ್ಲದೆಯೂ ಕೆಂಡದಂತೆ ಹೊಳೆಯುತ್ತಲೇ ಇರುವುದನ್ನು 1817ರಲ್ಲಿ ಪ್ರಕಟಿಸಿದ. ಪ್ಲಾಟಿನಂ ತಾನು ಸವೆಯದೆ ದಹನವನ್ನು ನಡೆಸಿಕೊಡುತ್ತದೆ. ಅದಾಗಿ 130 ವರ್ಷ ಕಳೆದ ಮೇಲೆ, 1947ರಲ್ಲಿ, ಅಮೆರಿಕದ ರೇ ಆರ್ಡನ್ ಅದೇ ಗುಣವನ್ನು ಪುಟ್ಟ ಪ್ಲಗ್ಗಿನಲ್ಲಿಟ್ಟು ಮಾರುಕಟ್ಟೆಗೆ ತಂದರು. ಅದೇ ಗ್ಲೋ ಪ್ಲಗ್. ಅಲ್ಲಿಯವರೆಗೆ ಮಾದರಿ ವಿಮಾನಗಳು ಕಾಯಿಲ್, ಕಂಡೆನ್ಸರ್, ಬ್ಯಾಟರಿಗಳ ಭಾರ ಹೊತ್ತು ಹಾರಬೇಕಿತ್ತು. ಆಮೇಲೆ ಬೇಕಾದದ್ದು ನೆಲದ ಮೇಲೆ ಒಂದೂವರೆ ವೋಲ್ಟಿನ ಒಂದು ಸೆಲ್ ಮಾತ್ರ. ಎಂಜಿನ್ ಹಿಡಿದುಕೊಂಡ ಮೇಲೆ ಸೆಲ್ಲಿನ ಕ್ಲಿಪ್ ತೆಗೆಯುತ್ತಾರೆ. ಇಂಧನವಾದ ಮೆಥನಾಲ್ ಎಂಬ ಆಲ್ಕೊಹಾಲಿನ ಆವಿಯ ಸಂಗದಲ್ಲಿ ಪ್ಲಾಟಿನಂ ಸುರುಳಿ ತಾನಾಗಿಯೇ ಕೆಂಪಗಿರುತ್ತದೆ.

ಕಿಡಿ ಇಲ್ಲದ ಮೇಲೆ ಯಾವಾಗ ಹೊತ್ತಿಕೊಳ್ಳಬೇಕೆಂದು ಹೇಳುವವರಾರು? ಮಿಶ್ರಣವೇ. ರಿಚ್ ಮಿಶ್ರಣ ಸುರುಳಿಯನ್ನು ತಣಿಸುತ್ತದೆ, ದಹನ ತಡವಾಗುತ್ತದೆ. ಲೀನ್ ಮಿಶ್ರಣ ಸುರುಳಿಯನ್ನು ಕಾಯಿಸುತ್ತದೆ, ದಹನ ಬೇಗನಾಗುತ್ತದೆ. 12,000 ಸುತ್ತಿನ ವೇಗದಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಹಿಡಿಯುವ ಸಮಯ ಸೆಕೆಂಡಿನ 72,000ದಲ್ಲೊಂದು ಭಾಗ. ಸೂಜಿ ಒಂದೆರಡು ಕ್ಲಿಕ್ ಆಚೀಚೆಯಾದರೆ ಬದಲಾಗುವುದು ಈ ಅಳತೆಯ ಸಮಯ.

ಎರಡನೆಯದು ತಂಪು. ಮೆಥನಾಲ್ ಆವಿಯಾಗುವಾಗ ಪ್ರತಿ ಗ್ರಾಂಗೆ ಸುಮಾರು 1,100 ಜೂಲ್ ಶಾಖ ಹೀರುತ್ತದೆ. ಪೆಟ್ರೋಲಿಗಿಂತ ಮೂರು ಪಟ್ಟು. ಸೆಕೆಂಡಿಗೆ ಒಳಹೋಗುವ ಇಂಧನದಲ್ಲಿ ಮೆಥನಾಲ್ ಸುಮಾರು 0.3 ಗ್ರಾಂ ಇರುತ್ತದೆ ಎಂದರೆ, ಉರಿಯುವ ಮುನ್ನವೇ ಅದು 330 ವ್ಯಾಟ್‌ನಷ್ಟು ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಸೂಜಿ ಮುಚ್ಚಿದಷ್ಟೂ ಈ ತಂಪು ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ದಹನದ ಕಾವು ಏರುತ್ತದೆ.

ಮೂರನೆಯದು ಎಣ್ಣೆ. ಇಲ್ಲಿ ಆಯಿಲ್ ಪಂಪ್ ಇಲ್ಲ. ಎಣ್ಣೆಯನ್ನು ಇಂಧನದಲ್ಲೇ ಬೆರೆಸಿರುತ್ತಾರೆ, ಸಾಮಾನ್ಯವಾಗಿ ಐದರಲ್ಲೊಂದು ಪಾಲು. ಹಾಗಾದರೆ ಒಂದು ಸುತ್ತಿಗೆ ಸಿಗುವ ಎಣ್ಣೆ ಅರ್ಧ ಮೈಕ್ರೊಲೀಟರ್. ಪಿಸ್ಟನ್ ಉಜ್ಜಿಕೊಂಡು ಹೋಗುವ ಸಿಲಿಂಡರ್ ಗೋಡೆಯ ವಿಸ್ತೀರ್ಣ ಸುಮಾರು 1,350 ಚದರ ಮಿ.ಮೀ. ಇಷ್ಟು ಎಣ್ಣೆಯನ್ನು ಅಷ್ಟು ಗೋಡೆಗೆ ಸಮನಾಗಿ ಬಳಿದರೆ ಪದರದ ದಪ್ಪ 0.0004 ಮಿ.ಮೀ.ಗಿಂತಲೂ ಕಡಿಮೆ! ಈ ಪದರವನ್ನು ಪ್ರತಿ ಸುತ್ತಿಗೂ ಹೊಸದಾಗಿ ಬಳಿಯುತ್ತಲೇ ಇರಬೇಕು. ಸೂಜಿಯನ್ನು ಅತಿಯಾಗಿ ಮುಚ್ಚಿದವರು ಇಂಧನವನ್ನಷ್ಟೇ ಅಲ್ಲ, ಎಣ್ಣೆಯನ್ನೂ ಕಿತ್ತುಕೊಂಡಿರುತ್ತಾರೆ. ಲೀನ್ ಆಗಿ ಓಡಿದ ಎಂಜಿನ್ ಬಿಚ್ಚಿ ನೋಡಿದರೆ ಪಿಸ್ಟನ್ನಿನ ಪಕ್ಕದಲ್ಲಿ ಉದ್ದುದ್ದ ಗೀರುಗಳು ಕಾಣುವುದು ಇದೇ ಕಾರಣಕ್ಕೆ.

ಆ ಎಣ್ಣೆ ಬಹುಕಾಲದಿಂದ ಹರಳೆಣ್ಣೆ. ಸಸ್ಯಜನ್ಯ ಎಣ್ಣೆಗಳಲ್ಲಿ ಆಲ್ಕೊಹಾಲಿನೊಡನೆ ಚೆನ್ನಾಗಿ ಬೆರೆಯುವ ಗುಣ ಹರಳೆಣ್ಣೆಗಿರುವಷ್ಟು ಬೇರೆಯದಕ್ಕಿಲ್ಲ. ವಿಪರೀತ ಕಾವಿನಲ್ಲೂ ಅದು ಲೋಹವನ್ನು ಬಿಡದೆ ಅಂಟಿಕೊಂಡಿರುತ್ತದೆ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳೂ ಇದನ್ನೇ ಕುಡಿದವು. ಜಗತ್ತಿನ ಹರಳು ಬೀಜದಲ್ಲಿ ಬಹುಪಾಲು ಬೆಳೆಯುವುದು ಭಾರತದಲ್ಲಿ, ಅದರಲ್ಲೂ ಗುಜರಾತಿನಲ್ಲಿ. ಕೃತಕ ಎಣ್ಣೆಗಳು ಬಂದ ಮೇಲೂ ಲೀನ್ ಓಟದ ಅಪಾಯಕ್ಕೆ ವಿಮೆಯಾಗಿ ಒಂದಿಷ್ಟು ಹರಳೆಣ್ಣೆ ಸೇರಿಸುವ ರೂಢಿ ಉಳಿದಿದೆ.

ಗಾಳಿ ಎಷ್ಟು, ಇಂಧನ ಎಷ್ಟು

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಮೆಥನಾಲಿಗೆ 6.4 ಕಿಲೋ ಸಾಕು. ಗ್ಲೋ ಇಂಧನಕ್ಕೆ ಬೆರೆಸುವ ನೈಟ್ರೊಮಿಥೇನಿಗೆ ಬರೀ 1.7 ಕಿಲೋ. ವ್ಯತ್ಯಾಸದ ಗುಟ್ಟು ಅಣುವಿನೊಳಗಿದೆ: ಮೆಥನಾಲಿನ ತೂಕದಲ್ಲಿ ಅರ್ಧ ಭಾಗ ಆಮ್ಲಜನಕವೇ. ನೈಟ್ರೊಮಿಥೇನಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇವು ತಮಗೆ ಬೇಕಾದ ಆಮ್ಲಜನಕದಲ್ಲಿ ಒಂದು ಪಾಲನ್ನು ತಾವೇ ಕಟ್ಟಿಕೊಂಡು ಬರುತ್ತವೆ. ಪೆಟ್ರೋಲಿಗೆ ಹೋಲಿಸಿದರೆ ಮೆಥನಾಲಿನ ಶಕ್ತಿ ಕಿಲೋಗೆ ಅರ್ಧಕ್ಕೂ ಕಡಿಮೆ. ಆದರೂ ಒಂದೇ ಗಾಳಿಗೆ ಎರಡು ಪಟ್ಟಿಗೂ ಹೆಚ್ಚು ಮೆಥನಾಲನ್ನು ಉರಿಸಬಹುದಾದ್ದರಿಂದ ಒಟ್ಟು ಫಲ ಮೆಥನಾಲಿನ ಕಡೆಗೇ ವಾಲುತ್ತದೆ.

ಇದರ ಪರಿಣಾಮ ಏನು ಗೊತ್ತೇ? ನಮ್ಮ ರಸ್ತೆಯ 100 ಸಿಸಿ ಬೈಕ್ ಸುಮಾರು 8 ಅಶ್ವಶಕ್ತಿ ಕೊಡುತ್ತದೆ. ಈ 7.45 ಸಿಸಿ ಎಂಜಿನ್ 16,000 ಸುತ್ತಿನಲ್ಲಿ 1.6 ಅಶ್ವಶಕ್ತಿಯ ಆಸುಪಾಸು ಕೊಡುತ್ತದೆ. ಗಾತ್ರದಲ್ಲಿ ಹದಿಮೂರನೇ ಒಂದು ಭಾಗ, ಶಕ್ತಿಯಲ್ಲಿ ಐದನೇ ಒಂದು ಭಾಗ. ಒಂದು ಲೀಟರ್ ಗಾತ್ರಕ್ಕೆ ಲೆಕ್ಕ ಹಾಕಿದರೆ 200 ಅಶ್ವಶಕ್ತಿ ಮೀರುತ್ತದೆ.

ಇಂಧನ ಬದಲಿಸಿದಾಗ ಸೂಜಿಯನ್ನೂ ಬದಲಿಸಬೇಕೆಂಬ ನಿಯಮ ಈ ಅಂಕಿಗಳಿಂದಲೇ ಹುಟ್ಟಿದ್ದು. ನೈಟ್ರೊ ಶೇ 5 ಇದ್ದ ಡಬ್ಬದಿಂದ ಶೇ 15ರ ಡಬ್ಬಕ್ಕೆ ಹೋದವರು ಹಳೆಯ ಸೂಜಿ ಹದದಲ್ಲೇ ಹಾರಿಸಿದರೆ ಎಂಜಿನ್ ಲೀನ್ ಆಗುತ್ತದೆ. ಅದೇ ಗಾಳಿಗೆ ಈಗ ಹೆಚ್ಚು ಇಂಧನ ಬೇಕು, ಸೂಜಿ ಒಂದಿಷ್ಟು ಹೊರಬರಬೇಕು.

ಮೆಥನಾಲಿನ ಇನ್ನೊಂದು ಔದಾರ್ಯವಿದೆ. ಗಾಳಿಯಲ್ಲಿ ಅದರ ಆವಿ ಶೇ 6ರಿಂದ ಶೇ 36ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಆವಿಗೆ ಈ ಮಿತಿ ಸುಮಾರು ಶೇ 1.4ರಿಂದ 7.6. ಅಂದರೆ ಕಣ್ಣಂದಾಜಿನ ಸೂಜಿ ಹದಕ್ಕೂ ಗ್ಲೋ ಎಂಜಿನ್ ಓಡುತ್ತದೆ. ಓಡುತ್ತದೆ ಎಂಬುದೇ ಅಪಾಯ. ತಪ್ಪು ಹದದಲ್ಲೂ ಅದು ಅಬ್ಬರಿಸಿ ತಿರುಗುತ್ತದೆ, ತಿರುಗುತ್ತಲೇ ಒಳಗೊಳಗೆ ಸವೆಯುತ್ತದೆ.

ಕಿವಿ ಹಿಡಿಯುವ ಲೆಕ್ಕ

ಸರಿಯಾದ ಹದವನ್ನು ಹುಡುಕುವ ಕ್ರಮವನ್ನು ಹತ್ತಿರದಿಂದ ನೋಡೋಣ. ಒಬ್ಬರು ವಿಮಾನದ ಬಾಲವನ್ನು ಗಟ್ಟಿಯಾಗಿ ಹಿಡಿದಿರುತ್ತಾರೆ. ಇನ್ನೊಬ್ಬರು ಪ್ರೊಪೆಲ್ಲರಿನ ಹಿಂಬದಿಯಲ್ಲಿ ಕೂತು ಕೈಯನ್ನು ಹಿಂದಿನಿಂದ ಸೂಜಿಗೆ ಚಾಚುತ್ತಾರೆ. ಸೂಜಿ ಬೇಕೆಂದೇ ರಿಚ್ ಕಡೆಗಿರುತ್ತದೆ. ಸೈಲೆನ್ಸರಿನಿಂದ ಬಿಳಿ ಹೊಗೆ ದಟ್ಟವಾಗಿ ಬರುತ್ತಿದೆ, ಎಣ್ಣೆ ಸಿಡಿಯುತ್ತಿದೆ, ದನಿ ಬಿರುಸಾಗಿಲ್ಲ, ಗೊರಗೊರ ಅನ್ನುತ್ತಿದೆ. ಇಷ್ಟು ರಿಚ್ ಆದಾಗ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಉರಿಯುತ್ತದೆ. ಟೂ ಸ್ಟ್ರೋಕ್ ಎಂಜಿನ್ ಫೋರ್ ಸ್ಟ್ರೋಕಿನಂತೆ ನಡೆದುಕೊಳ್ಳುತ್ತದೆ. ಕ್ಲಿಕ್ ಕ್ಲಿಕ್ ಎಂದು ಸೂಜಿ ಮುಚ್ಚುತ್ತಾ ಬಂದಂತೆ ಒಂದು ಹಂತದಲ್ಲಿ ದನಿ ಥಟ್ಟನೆ ಏರುತ್ತದೆ. ಪ್ರತಿ ಸುತ್ತಿಗೂ ಉರಿಯತೊಡಗಿದಾಗ ಸ್ಫೋಟಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಸಂಗೀತ ಬಲ್ಲವರ ಮಾತಿನಲ್ಲಿ ಹೇಳುವುದಾದರೆ ದನಿ ಒಂದು ಸ್ಥಾಯಿ ಮೇಲೆ ಹೋಗಿರುತ್ತದೆ.

ಅಲ್ಲಿಂದಾಚೆ ನಿಧಾನ. ಒಂದು ಕ್ಲಿಕ್, ಕೆಲವು ಸೆಕೆಂಡು ಕಾಯಬೇಕು, ಲೋಹದ ಕಾವು ಹೊಸ ಹದಕ್ಕೆ ಹೊಂದಿಕೊಳ್ಳಬೇಕು, ಮತ್ತೊಂದು ಕ್ಲಿಕ್. ದನಿ ಏರುತ್ತಾ ಏರುತ್ತಾ ಒಂದು ತುದಿ ಮುಟ್ಟುತ್ತದೆ. ಆ ತುದಿಯಲ್ಲಿ ನಿಲ್ಲಬಾರದು. ಅಲ್ಲಿಂದ ಹಿಂದಕ್ಕೆ ಬಂದು 200ರಿಂದ 300 ಸುತ್ತು ಕಳೆದುಕೊಳ್ಳುವಷ್ಟು ಸೂಜಿ ತೆರೆಯಬೇಕು. ಮೈದಾನದಲ್ಲಿ ಹೊಸಬರ ಪ್ರಶ್ನೆ ಯಾವಾಗಲೂ ಒಂದೇ: “ಸರ್, ಇನ್ನೊಂದು ಕ್ಲಿಕ್ ಮುಚ್ಚಲಾ?” ಹಳಬರ ಉತ್ತರವೂ ಒಂದೇ: “ಬೇಡಪ್ಪ, ಎರಡು ಕ್ಲಿಕ್ ತೆಗಿ.”

12,000ದಲ್ಲಿ 200 ಅಂದರೆ ಶೇ 1.7. ಭಾರತೀಯ ಸಂಗೀತದ 22 ಶ್ರುತಿಗಳ ಲೆಕ್ಕದಲ್ಲಿ ಅತಿ ಚಿಕ್ಕದಾದ ಪ್ರಮಾಣ ಶ್ರುತಿಯ ಅನುಪಾತ 81:80, ಅಂದರೆ ಶೇ 1.25. ತಂಬೂರಿ ಶ್ರುತಿ ಮಾಡುವವರು ಹಿಡಿಯುವ ವ್ಯತ್ಯಾಸಕ್ಕೂ ಸೂಜಿ ತಿರುಗಿಸುವವರು ಹಿಡಿಯುವ ವ್ಯತ್ಯಾಸಕ್ಕೂ ಹೆಚ್ಚು ದೂರವಿಲ್ಲ. ಸುತ್ತು ಎಣಿಸುವ ಟ್ಯಾಕೊಮೀಟರ್ ಈಗ ಸುಲಭವಾಗಿ ಸಿಗುತ್ತದೆ, ಅದನ್ನು ಬಳಸುವುದು ಒಳ್ಳೆಯದೇ. ಆದರೆ ವಿಮಾನ ಆಕಾಶಕ್ಕೇರಿದ ಮೇಲೆ ನೆಲದಲ್ಲಿ ನಿಂತವರಿಗೆ ಉಳಿಯುವುದು ಕಿವಿ ಮಾತ್ರ.

ಹದ ಸರಿಯಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಮೊದಲನೆಯದು ಚಿವುಟುವ ಪರೀಕ್ಷೆ. ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಬರುವ ಸಿಲಿಕೋನ್ ಕೊಳವೆಯನ್ನು ಎರಡು ಬೆರಳಲ್ಲಿ ಕ್ಷಣಮಾತ್ರ ಚಿವುಟಿ ಬಿಡಬೇಕು. ದನಿ ಸ್ವಲ್ಪ ಏರಿ ಮತ್ತೆ ಇಳಿದರೆ ಮಿಶ್ರಣ ತುದಿಗಿಂತ ತುಸು ರಿಚ್ ಇದೆ ಎಂದರ್ಥ. ನಮಗೆ ಬೇಕಾದದ್ದು ಇದೇ. ಏರದೆ ನೇರವಾಗಿ ಕುಸಿದರೆ ಈಗಾಗಲೇ ಲೀನ್ ಆಗಿದೆ. ಎರಡನೆಯದು, ಪೂರ್ತಿ ಥ್ರಾಟಲ್‌ನಲ್ಲಿ ವಿಮಾನದ ಮೂತಿಯನ್ನು ಆಕಾಶಕ್ಕೆತ್ತಿ ಹಿಡಿಯುವುದು. ಆಗ ಟ್ಯಾಂಕ್ ಕಾರ್ಬ್ಯುರೇಟರಿಗಿಂತ ಒಂದು ಗೇಣಿನಷ್ಟು ಕೆಳಗೆ ಹೋಗುತ್ತದೆ. 15 ಸೆಂ.ಮೀ. ಇಂಧನವನ್ನು ಮೇಲೆತ್ತಲು ಬೇಕಾದ ಒತ್ತಡ ವಾತಾವರಣದ ಒತ್ತಡದ ಶೇ 1ಕ್ಕಿಂತ ತುಸು ಹೆಚ್ಚು, ಅಷ್ಟೇ. ಆ ಒಂದಂಶವೇ ಹರಿವನ್ನು ಇಳಿಸಿ ಮಿಶ್ರಣವನ್ನು ಲೀನ್ ಕಡೆಗೆ ತಳ್ಳಲು ಸಾಕು. ಮೂತಿ ಎತ್ತಿದಾಗ ದನಿ ಕುಗ್ಗಿದರೆ, ಆಕಾಶದಲ್ಲಿ ನೆಟ್ಟಗೆ ಏರುವಾಗ ಎಂಜಿನ್ ನಿಂತುಹೋಗುತ್ತದೆ ಎಂಬುದಕ್ಕೆ ಇದು ಮುನ್ಸೂಚನೆ.

ಹಗ್ಗದಂತೆ ಎರಡು ತಂತಿ ಹಿಡಿದು ವೃತ್ತದಲ್ಲಿ ಹಾರಿಸುವ ಕಂಟ್ರೋಲ್ ಲೈನ್ ಪಟುಗಳು ಇದೇ ದೋಷವನ್ನು ಗುಣವಾಗಿಸಿಕೊಂಡರು. ಅಮೆರಿಕದ ಹಳೆಯ ಫಾಕ್ಸ್ 35 ಎಂಜಿನ್ ಇದಕ್ಕೆ ಹೆಸರುವಾಸಿ. ಸಮತಟ್ಟಾಗಿ ಹಾರುವಾಗ ರಿಚ್ ಆಗಿ ಗೊರಗುಡುವಂತೆ ಹದ ಇಡುತ್ತಾರೆ. ಮೂತಿ ಮೇಲೆದ್ದೊಡನೆ ಮಿಶ್ರಣ ಲೀನ್ ಆಗಿ ಶಕ್ತಿ ನುಗ್ಗುತ್ತದೆ, ಮತ್ತೆ ಸಮನಾದಾಗ ತಣ್ಣಗಾಗುತ್ತದೆ. ಥ್ರಾಟಲ್ ಇಲ್ಲದ ವಿಮಾನಕ್ಕೆ ಬೇಕಾದಾಗ ಶಕ್ತಿ, ಬೇಡದಾಗ ವಿರಾಮ.

ಬೆಂಗಳೂರಿನ ಗಾಳಿ, ಮಂಗಳೂರಿನ ಗಾಳಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಪ್ರಮಾಣಿತ ವಾತಾವರಣದ ಸೂತ್ರ ಹಿಡಿದರೆ ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ 8.5 ಕಡಿಮೆ. ಮಂಗಳೂರಿನಲ್ಲಿ ಹದ ಮಾಡಿದ ಎಂಜಿನ್ನನ್ನು ಘಟ್ಟ ಹತ್ತಿಸಿ ತಂದರೆ ಅದೇ ಸಿಲಿಂಡರಿಗೆ ಕಡಿಮೆ ತೂಕದ ಗಾಳಿ ಸಿಗುತ್ತದೆ. ಇಂಧನ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಎಂಜಿನ್ ರಿಚ್ ಆಗಿ ಮಂಕಾಗುತ್ತದೆ, ಹಾನಿಯೇನೂ ಇಲ್ಲ. ಅಪಾಯ ಇರುವುದು ಘಟ್ಟ ಇಳಿಯುವವರಿಗೆ. ಬೆಂಗಳೂರಿನಲ್ಲಿ ತುದಿಗೆ ಹದ ಮಾಡಿಕೊಂಡು ಹೋಗಿ ಪಣಂಬೂರಿನ ಕಡಲ ತೀರದಲ್ಲಿ ಹಾರಿಸಿದರೆ, ಕಣ್ಣಿಗೆ ಕಾಣದೆ ಸೇರಿಕೊಂಡ ಹೆಚ್ಚುವರಿ ಗಾಳಿ ಎಂಜಿನ್ನನ್ನು ಲೀನ್ ಮಾಡಿರುತ್ತದೆ.

ಒಂದೇ ಊರಿನಲ್ಲೂ ಗಾಳಿ ಬದಲಾಗುತ್ತದೆ. ಬೆಳಗ್ಗೆ 18 ಡಿಗ್ರಿ ಇದ್ದದ್ದು ಮಧ್ಯಾಹ್ನ 33 ಆದರೆ ಸಾಂದ್ರತೆ ಶೇ 5ರಷ್ಟು ಇಳಿದಿರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಮಾಡಿದ ಹದವನ್ನು ಮರುದಿನ ಮುಂಜಾನೆಯ ಚಳಿಗೆ ಹಾಗೇ ಬಳಸಬಾರದು. ಮಳೆಗಾಲದಲ್ಲಿ ಇನ್ನೊಂದು ತೊಂದರೆ: ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮುಚ್ಚಳ ಸಡಿಲವಾಗಿದ್ದ ಡಬ್ಬದ ಇಂಧನದಲ್ಲಿ ನೀರು ಸೇರಿ ಎಂಜಿನ್ ತಾಳ ತಪ್ಪುತ್ತದೆ, ಒಳಗಿನ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಒಂದು ಗುಳ್ಳೆಗೆ ಹದಿನೆಂಟು ಸುತ್ತು

ಹದ ನಿಲ್ಲುತ್ತಿಲ್ಲ ಎಂದು ಸೂಜಿಯನ್ನೇ ತಿರುಗಿಸುತ್ತಾ ಕೂರುವವರಿಗೆ ಒಂದು ಮಾತು: ಮೊದಲು ಕೊಳವೆ ನೋಡಿ. ಒಳವ್ಯಾಸ 2.4 ಮಿ.ಮೀ. ಇರುವ ಕೊಳವೆಯಲ್ಲಿ ಇಂಧನ ಸೆಕೆಂಡಿಗೆ 11 ಸೆಂ.ಮೀ. ವೇಗದಲ್ಲಿ ಹರಿಯುತ್ತದೆ, ಕಣ್ಣಿಗೆ ಚೆನ್ನಾಗಿ ಕಾಣುವ ವೇಗ. ಅದರಲ್ಲಿ ಒಂದು ಸೆಂ.ಮೀ. ಉದ್ದದ ಗಾಳಿ ಗುಳ್ಳೆ ಬಂತೆಂದರೆ 45 ಮೈಕ್ರೊಲೀಟರ್ ಇಂಧನ ಬರಲಿಲ್ಲ ಎಂದಾಯಿತು. ಅದು ಹದಿನೆಂಟು ಸುತ್ತಿನ ಊಟ. ಗುಳ್ಳೆಗಳು ಸಾಲಾಗಿ ಬರುತ್ತಿದ್ದರೆ ಯಾವ ಸೂಜಿಯೂ ಆ ಎಂಜಿನ್ನನ್ನು ಹದಕ್ಕೆ ತರಲಾರದು. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿರಬಹುದು, ಟ್ಯಾಂಕಿನೊಳಗಿನ ಕೊಳವೆ ಸೀಳಿರಬಹುದು, ಇಲ್ಲವೇ ನಡುಕಕ್ಕೆ ಟ್ಯಾಂಕಿನಲ್ಲಿ ಇಂಧನ ನೊರೆಯೇಳುತ್ತಿರಬಹುದು. ಟ್ಯಾಂಕಿನ ಸುತ್ತ ಸ್ಪಂಜು ಸುತ್ತುವುದು ಈ ನೊರೆಯನ್ನು ತಡೆಯಲು. ಟ್ಯಾಂಕಿನ ನಡುಮಟ್ಟ ಸೂಜಿಯ ಮಟ್ಟಕ್ಕೆ ಸಮನಾಗಿ ಅಥವಾ ಸೆಂಟಿಮೀಟರಿನಷ್ಟು ಕೆಳಗಿದ್ದರೆ, ಟ್ಯಾಂಕ್ ತುಂಬಿದಾಗಿನ ಹದಕ್ಕೂ ಖಾಲಿಯಾಗುವಾಗಿನ ಹದಕ್ಕೂ ಅಂತರ ಕಡಿಮೆಯಾಗುತ್ತದೆ.

ಉಳಿದ ರೋಗಗಳಿಗೂ ಲಕ್ಷಣಗಳಿವೆ. ಸೆಲ್ಲಿನ ಕ್ಲಿಪ್ ತೆಗೆದೊಡನೆ ಎಂಜಿನ್ ಸತ್ತರೆ ಗ್ಲೋ ಪ್ಲಗ್ ಮುಪ್ಪಾಗಿದೆ, ಇಲ್ಲವೇ ಮಿಶ್ರಣ ಅತಿ ರಿಚ್ ಆಗಿದೆ. ಐಡ್ಲಿಂಗಿನಿಂದ ಥ್ರಾಟಲ್ ಎತ್ತಿದಾಗ ಹೊಗೆಯಿಲ್ಲದೆ ಥಟ್ಟನೆ ನಿಂತರೆ ಕೆಳವೇಗದ ಮಿಶ್ರಣ ಲೀನ್. ಗೊರಗುಟ್ಟಿ ಹೊಗೆ ಕಕ್ಕಿ ನಿಂತರೆ ರಿಚ್. ಇದನ್ನು ಸರಿಪಡಿಸಲು ಕಾರ್ಬ್ಯುರೇಟರಿನಲ್ಲಿ ಬೇರೆಯೇ ಸ್ಕ್ರೂ ಇದೆ. ಮೊದಲು ಪೂರ್ಣವೇಗದ ಸೂಜಿ, ಆಮೇಲೆ ಈ ಸ್ಕ್ರೂ, ಕೊನೆಗೆ ಸೂಜಿಯನ್ನು ಮತ್ತೊಮ್ಮೆ ನೋಡಬೇಕು. ಇದ್ದಕ್ಕಿದ್ದಂತೆ ಲೀನ್ ಆದ ಎಂಜಿನ್ನಿನಲ್ಲಿ ಸೂಜಿಯ ಸಂದಿಗೆ ಕೂತ ಒಂದು ಧೂಳಿನ ಕಣವೇ ಕಾರಣವಾಗಿರಬಹುದು. ಕೂದಲಿನ ದಪ್ಪದ ದಾರಿಯನ್ನು ಮುಚ್ಚಲು ದೊಡ್ಡ ಕಲ್ಲು ಬೇಕಿಲ್ಲ. ಇಂಧನವನ್ನು ಫಿಲ್ಟರ್ ಮಾಡಿಯೇ ತುಂಬಿ.

ಅತಿ ರಿಚ್ ಕೂಡ ಪುಕ್ಕಟೆ ಸುರಕ್ಷೆಯಲ್ಲ. ಹಿತ್ತಾಳೆ ಸಿಲಿಂಡರಿಗೆ ಕ್ರೋಮ್ ಲೇಪಿಸಿ ಅಲ್ಯುಮಿನಿಯಂ ಪಿಸ್ಟನ್ ಕೂರಿಸಿದ ಎಬಿಸಿ ಬಗೆಯ ಎಂಜಿನ್‌ಗಳಲ್ಲಿ ಸಿಲಿಂಡರ್ ಮೇಲ್ತುದಿಗೆ ತುಸು ಕಿರಿದಾಗಿರುತ್ತದೆ. ಕಾವೇರಿದಾಗ ಮಾತ್ರ ಅದು ಹಿಗ್ಗಿ ಪಿಸ್ಟನ್ನಿಗೆ ಸರಿಹೊಂದುತ್ತದೆ. ಗಂಟೆಗಟ್ಟಲೆ ತಣ್ಣಗೆ ಗೊರಗುಟ್ಟಿಸಿದರೆ ಆ ಬಿಗಿಯಲ್ಲೇ ಪಿಸ್ಟನ್ ಸವೆಯುತ್ತದೆ.

ಮೂರು ಹನಿಯ ಎಂಜಿನ್, ಸಾಗರ ದಾಟಿದ ಎಂಜಿನ್

ಇಲ್ಲಿಯವರೆಗೆ ಹೇಳಿದ್ದು ಸಾಧಾರಣ ಎಂಜಿನ್ನಿನ ಕಥೆ. 1960ರ ದಶಕದಲ್ಲಿ ಅಮೆರಿಕದ ಕಾಕ್ಸ್ ಕಂಪನಿ ‘ಟೀ ಡೀ 010’ ಎಂಬ ಎಂಜಿನ್ ಮಾರುತ್ತಿತ್ತು. ತೂಕ ಸುಮಾರು 14 ಗ್ರಾಂ. ಸಿಲಿಂಡರ್ ವ್ಯಾಸ 6 ಮಿ.ಮೀ. ಒಳಗಿನ ಗಾತ್ರ 0.163 ಸಿಸಿ, ಮೂರು ಹನಿ ನೀರು ಬಿಟ್ಟರೆ ತುಂಬಿಹೋಗುತ್ತದೆ. ತಿರುಗುವ ವೇಗ ನಿಮಿಷಕ್ಕೆ 27,000 ಸುತ್ತು. ದೊಡ್ಡಣ್ಣನ ಅನುಪಾತವನ್ನೇ ಇದಕ್ಕೂ ಹಿಡಿದರೆ ಒಂದು ಹನಿ ಇಂಧನ 900 ಸುತ್ತಿಗೆ ಹಂಚಿಹೋಗುತ್ತದೆ. ಅದಕ್ಕೂ ಸೂಜಿ ಇತ್ತು, ಅದನ್ನೂ ಬೆರಳಲ್ಲೇ ತಿರುಗಿಸುತ್ತಿದ್ದರು.

ಇದರ ಎದುರು ತುದಿಯಲ್ಲಿ ವಾರ್ಟ್ಸಿಲಾ ಆರ್‌ಟಿ-ಫ್ಲೆಕ್ಸ್ 96ಸಿ ಎಂಬ ಹಡಗಿನ ಎಂಜಿನ್ ಇದೆ. ಅದೂ ಟೂ ಸ್ಟ್ರೋಕ್. ಒಂದೊಂದು ಸಿಲಿಂಡರ್ 96 ಸೆಂ.ಮೀ. ಅಗಲ, ಪಿಸ್ಟನ್ ಓಡುವ ದೂರ ಎರಡೂವರೆ ಮೀಟರ್, ಗಾತ್ರ 1,800 ಲೀಟರ್ ಮೀರುತ್ತದೆ. ಕಾಕ್ಸ್ ಎಂಜಿನ್ನಿನ ಒಂದು ಕೋಟಿ ಹತ್ತು ಲಕ್ಷ ಪಟ್ಟು! ಅದು ತಿರುಗುವುದು ನಿಮಿಷಕ್ಕೆ 102 ಸುತ್ತು ಮಾತ್ರ. ಆದರೂ ಪಿಸ್ಟನ್ನಿನ ಸರಾಸರಿ ವೇಗ ಲೆಕ್ಕ ಹಾಕಿದರೆ ಬೆರಗು ಕಾದಿದೆ: ಹಡಗಿನ ಎಂಜಿನ್ನಿನಲ್ಲಿ ಸೆಕೆಂಡಿಗೆ 8.5 ಮೀಟರ್, ನಮ್ಮ ಒಂದೂವರೆ ಚಮಚದ ಎಂಜಿನ್ನಿನಲ್ಲಿ 7.8 ಮೀಟರ್. ಗಾತ್ರ ಲಕ್ಷಾಂತರ ಪಟ್ಟು ಬದಲಾದರೂ ಲೋಹ ಮತ್ತು ಎಣ್ಣೆ ತಾಳಿಕೊಳ್ಳುವ ವೇಗ ಹೆಚ್ಚುಕಡಿಮೆ ಅಲ್ಲೇ ನಿಂತಿದೆ.

ವೇಗದ ತುದಿ ನೋಡಬೇಕೆಂದರೆ ಕಂಟ್ರೋಲ್ ಲೈನ್ ವಿಮಾನಗಳ ‘ಎಫ್2ಎ’ ವೇಗ ಸ್ಪರ್ಧೆಗೆ ಹೋಗಬೇಕು. 2.5 ಸಿಸಿ ಎಂಜಿನ್. ಎಲ್ಲರಿಗೂ ಒಂದೇ ಇಂಧನ: ಮೆಥನಾಲ್ ಶೇ 80, ಹರಳೆಣ್ಣೆ ಶೇ 20. ತಂತಿಯ ಕೊನೆಯಲ್ಲಿ 17.69 ಮೀಟರ್ ತ್ರಿಜ್ಯದ ವೃತ್ತದಲ್ಲಿ ವಿಮಾನ ಸುತ್ತುತ್ತದೆ. 9 ಸುತ್ತಿಗೆ ಸರಿಯಾಗಿ ಒಂದು ಕಿ.ಮೀ. ವೇಗ ಗಂಟೆಗೆ 300 ಕಿ.ಮೀ. ಹತ್ತಿರ, ಎಂಜಿನ್ ತಿರುಗುವುದು 40,000ದ ಆಸುಪಾಸಿನಲ್ಲಿ. ಆ ವೇಗದಲ್ಲಿ ವಿಮಾನ ಹೊರಕ್ಕೆ ಸೆಳೆಯುವ ಬಲ ಗುರುತ್ವದ 40 ಪಟ್ಟು. ಅರ್ಧ ಕಿಲೋ ವಿಮಾನವಾದರೆ ಕೈಗೆ 20 ಕಿಲೋ ಎಳೆತ. ಟ್ಯಾಂಕಿನಲ್ಲಿರುವ ಇಂಧನವೂ 40 ಪಟ್ಟು ಭಾರವಾಗಿ ಒತ್ತುತ್ತದೆ. ನೆಲದ ಮೇಲೆ ನಿಂತಾಗಲೇ ಆ ಒತ್ತಡವನ್ನು ಊಹಿಸಿ ಸೂಜಿಯನ್ನು ಇಡಬೇಕು. ಹಾರಿದ ಮೇಲೆ ಕೈ ಹಾಕುವಂತಿಲ್ಲ.

ಇನ್ನು ಮಿತವ್ಯಯದ ತುದಿ. ಅಮೆರಿಕದ ಮೇನಾರ್ಡ್ ಹಿಲ್‌ಗೆ 77 ವರ್ಷವಾಗಿತ್ತು. ದೃಷ್ಟಿ ಬಹುಮಟ್ಟಿಗೆ ಹೋಗಿತ್ತು, ಕಿವಿಯೂ ಮಂದವಾಗಿತ್ತು. 2003ರ ಆಗಸ್ಟ್ 9ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕೇಪ್ ಸ್ಪಿಯರ್‌ನಿಂದ ಅವರು ಹಾರಿಬಿಟ್ಟ ಮಾದರಿ ವಿಮಾನ ಅಟ್ಲಾಂಟಿಕ್ ದಾಟಿ 11ರಂದು ಐರ್ಲೆಂಡಿನ ಮ್ಯಾನಿನ್ ಕಡಲತೀರದಲ್ಲಿ ಇಳಿಯಿತು. 3,030 ಕಿ.ಮೀ., 38 ಗಂಟೆ 52 ನಿಮಿಷ. ಇಂಧನ ಸೇರಿ ವಿಮಾನದ ತೂಕ 5 ಕಿಲೋ ಒಳಗೆ. ಎಂಜಿನ್, ಓ.ಎಸ್. ಕಂಪನಿಯ 10 ಸಿಸಿ ಫೋರ್ ಸ್ಟ್ರೋಕನ್ನು ಕಿಡಿಯಲ್ಲಿ ಓಡುವಂತೆ ಮಾರ್ಪಡಿಸಿದ್ದು. ಇಂಧನ, ಲಾಟೀನಿಗೆ ಹಾಕುವ ಬಗೆಯ ಶುದ್ಧ ಪೆಟ್ರೋಲಿಯಂ. ಒಟ್ಟು ಸುಟ್ಟದ್ದು ಒಂದು ಗ್ಯಾಲನ್‌ಗಿಂತ, ಅಂದರೆ 3.8 ಲೀಟರಿಗಿಂತ, ಕಡಿಮೆ. ಲೀಟರಿಗೆ ಸುಮಾರು 800 ಕಿ.ಮೀ.! ಬೆಂಗಳೂರಿನಿಂದ ಬೀದರಿಗೆ ಹೋಗಿಯೂ ತಳದಲ್ಲಿ ಒಂದಿಷ್ಟು ಉಳಿಯುವ ಲೆಕ್ಕ. ನಮ್ಮ 46 ಎಎಕ್ಸ್ ನಿಮಿಷಕ್ಕೆ 30 ಮಿ.ಲೀ. ಕುಡಿದರೆ, ಇದು ಕುಡಿದದ್ದು ನಿಮಿಷಕ್ಕೆ 1.6 ಮಿ.ಲೀ. ಅಷ್ಟು ತೆಳುವಾದ ಹರಿವನ್ನು ಎರಡು ಹಗಲು, ಎರಡು ರಾತ್ರಿಗಳ ತಾಪ ಬದಲಾವಣೆಯ ನಡುವೆ ಹದ ತಪ್ಪದಂತೆ ಇಡುವುದೇ ಆ ಸಾಹಸದ ತಿರುಳಾಗಿತ್ತು. ಹಿಂದಿನ ವಿಮಾನಗಳನ್ನು ಸಾಗರ ನುಂಗಿತ್ತು. ಇದು ಐದನೆಯದು.

ಸೂಜಿ ಮುಟ್ಟುವ ಮುನ್ನ

ಎನ್‌ಸಿಸಿ ವಾಯುದಳದ ಕೆಡೆಟ್‌ಗಳು ಏರೋಮಾಡೆಲಿಂಗ್ ಕಲಿಯುತ್ತಾರೆ. ವಿದ್ಯುತ್ ಮೋಟಾರುಗಳು ಬಂದ ಮೇಲೂ ಗ್ಲೋ ಎಂಜಿನ್‌ಗಳನ್ನು ಬಿಡದ ಹವ್ಯಾಸಿಗಳಿದ್ದಾರೆ. ಅವರೆಲ್ಲರಿಗೂ ಕೊನೆಯ ಮೂರು ಅಂಕಿಗಳು.

11 ಅಂಗುಲದ ಪ್ರೊಪೆಲ್ಲರಿನ ತುದಿ 12,000 ಸುತ್ತಿನಲ್ಲಿ ಗಂಟೆಗೆ 630 ಕಿ.ಮೀ. ವೇಗದಲ್ಲಿರುತ್ತದೆ. ಅಲ್ಲಿನ ಪ್ರತಿ ಗ್ರಾಂ ಹೊರಕ್ಕೆ 22 ಕಿಲೋ ಬಲದಿಂದ ಸೆಳೆಯುತ್ತದೆ. ಬಿರುಕು ಬಿಟ್ಟ ಪ್ರೊಪೆಲ್ಲರನ್ನು ಅಂಟು ಹಾಕಿ ಬಳಸಬೇಡಿ, ಎಸೆದುಬಿಡಿ. ಸೂಜಿಯನ್ನು ಯಾವಾಗಲೂ ಪ್ರೊಪೆಲ್ಲರಿನ ಹಿಂದಿನಿಂದಲೇ ಮುಟ್ಟಿ, ಅದರ ಸುತ್ತುವ ನೇರದಲ್ಲಿ ಯಾರನ್ನೂ ನಿಲ್ಲಿಸಬೇಡಿ.

ಮೆಥನಾಲ್ 10 ಮಿ.ಲೀ. ಹೊಟ್ಟೆಗೆ ಹೋದರೂ ಕಣ್ಣು ಕಳೆಯಬಹುದು. ಹಗಲಲ್ಲಿ ಅದರ ಉರಿ ಕಣ್ಣಿಗೆ ಕಾಣಿಸುವುದೇ ಇಲ್ಲ ಎನ್ನಬಹುದು. ಡಬ್ಬದ ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಕುಡಿಯುವ ನೀರಿನ ಬಾಟಲಿಗೆ ಎಂದೂ ತುಂಬಬೇಡಿ.

ಮೂರನೆಯದು, ತುದಿಯಿಂದ ಬಿಟ್ಟುಕೊಡುವ ಆ 200 ಸುತ್ತು. ಶೇ 1.7ರಷ್ಟು ವೇಗ ಕಡಿಮೆಯಾದದ್ದು ಹಾರಾಟದಲ್ಲಿ ಯಾರಿಗೂ ತಿಳಿಯುವುದಿಲ್ಲ. ಆದರೆ ಅದರ ಬದಲಿಗೆ ಸಿಗುವ ಎಣ್ಣೆ ಮತ್ತು ತಂಪು ಹತ್ತು ನಿಮಿಷದ ಒಂದೊಂದು ಹಾರಾಟದಲ್ಲೂ 1,20,000 ಸಲ ಪಿಸ್ಟನ್ನನ್ನು ಕಾಯುತ್ತವೆ. ರಿಚ್ ಕಡೆಯಿಂದ ಶುರುಮಾಡಿ, ಕಿವಿಗೊಟ್ಟು ಕೇಳಿ, ತುದಿ ಸಿಕ್ಕಿದ ಮೇಲೆ ಎರಡು ಕ್ಲಿಕ್ ಹಿಂದೆ ಬನ್ನಿ.